ಹಿತ್ತಿಲ ಹಿಂಡು ಹಿಗ್ಗಿದಾಗ: ಕಡಿವಾಣ ಯಾವ ಹಂತದಲ್ಲಿ?

ಆರು ಹೇಂಟೆ, ಒಂದು ಹುಂಜ. ಸಾಕಲು ಆರಂಭಿಸಿದಾಗ ನನ್ನ ಲೆಕ್ಕ ಅಷ್ಟೇ ಇತ್ತು. ಎರಡನೆಯ ವರ್ಷ ಒಂದು ಹೇಂಟೆ ಕಾವಿಗೆ ಕುಳಿತಿತು. ಅದನ್ನು ನೋಡಿಯೋ ಏನೋ, ವಾರದೊಳಗೆ ಇನ್ನೊಂದೂ ಕುಳಿತಿತು. ಎರಡರ ಕೆಳಗೂ ಹತ್ತು ಹತ್ತು ಮೊಟ್ಟೆ ಇಟ್ಟೆ. 16 ಮರಿಗಳು ಹೊರಬಂದವು. ಒಂದನ್ನು ಹದ್ದು ಒಯ್ದಿತು. ಉಳಿದ 15ರಲ್ಲಿ ಎಂಟು ಹುಂಜಗಳು. ಐದು ತಿಂಗಳು ತುಂಬುವ ಹೊತ್ತಿಗೆ, ಎಂಟು ಕೋಳಿಗಳಿಗೆಂದು ಕಟ್ಟಿದ ಗೂಡಿನಲ್ಲಿ 22 ಕೋಳಿಗಳಿದ್ದವು. ಬೆಳಗಿನ ಜಾವ ನಾಲ್ಕಕ್ಕೆ ಒಂಬತ್ತು ಹುಂಜಗಳು ಪಂತಕ್ಕೆ ಬಿದ್ದಂತೆ ಕೂಗುತ್ತಿದ್ದವು. ತನ್ನ ಕೋಳಿ ಕೂಗಿದರೇ ಬೆಳಗಾಗುವುದು ಎಂದು ನಂಬಿದ್ದ ಮುದುಕಿಗೆ ಒಂದೇ ಹುಂಜವಿತ್ತು, ಅವಳು ಪುಣ್ಯವಂತೆ.

ಹಿಂಡನ್ನು ಹಿಡಿತದಲ್ಲಿಡಲು ದಾರಿಗಳು ಹಲವು ಇವೆ, ಆದರೆ ಅವೆಲ್ಲ ಒಂದೇ ತೂಕದವಲ್ಲ. ಮೊಟ್ಟೆಯ ಹಂತದಲ್ಲಿ ತೀರ್ಮಾನ ಮಾಡಿದರೆ ಕೈಯಲ್ಲೊಂದು ಬುಟ್ಟಿ ಇದ್ದರೆ ಸಾಕು. ಅದೇ ತೀರ್ಮಾನವನ್ನು ನಾಲ್ಕು ತಿಂಗಳ ಹುಂಜದವರೆಗೆ ಮುಂದೂಡಿದರೆ ಜಾಗ, ಕಾಳು, ಗಟ್ಟಿ ಮನಸ್ಸು ಎಲ್ಲವೂ ಬೇಕಾಗುತ್ತದೆ. ಮುದಿ ಹೇಂಟೆಯವರೆಗೆ ಎಳೆದರೆ, ಅಷ್ಟರಲ್ಲಿ ಅದಕ್ಕೊಂದು ಹೆಸರಿಟ್ಟುಬಿಟ್ಟಿರುತ್ತೇವೆ. ಈ ಮೂರೂ ಹಂತಗಳಲ್ಲಿ ಏನೇನು ಮಾಡಬಹುದು, ಯಾವುದಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದನ್ನು ನನ್ನ ಅನುಭವದ ಮಟ್ಟಿಗೆ ಹೋಲಿಸಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಸಂಖ್ಯೆ ತಿಳಿದುಕೊಳ್ಳಿ

ರಾತ್ರಿ ಮಲಗುವ ಗೂಡಿನೊಳಗೆ ಒಂದು ಕೋಳಿಗೆ ಸುಮಾರು 4 ಚದರ ಅಡಿ, ಹಗಲು ಓಡಾಡುವ ಬೇಲಿಯೊಳಗೆ 8ರಿಂದ 10 ಚದರ ಅಡಿ ಬೇಕು. ಕೂರುವ ಗಳದ ಮೇಲೆ ತಲಾ 8ರಿಂದ 10 ಅಂಗುಲ ಸಿಗಬೇಕು. ಮೊಟ್ಟೆಯಿಡಲು ನಾಲ್ಕೈದು ಹೇಂಟೆಗಳಿಗೆ ಒಂದು ಪೆಟ್ಟಿಗೆ ಸಾಕು. ಎಷ್ಟು ಪೆಟ್ಟಿಗೆ ಇಟ್ಟರೂ ಎಲ್ಲವೂ ಒಂದಕ್ಕೇ ಸಾಲು ನಿಲ್ಲುತ್ತವೆ, ಅದು ಬೇರೆ ಮಾತು. ಈ ಅಳತೆಯಲ್ಲಿ ನಿಮ್ಮ ಗೂಡಿಗೆ 16 ಹಿಡಿಸುತ್ತದೆ ಎಂದಾದರೆ ನಿಮ್ಮ ಸಂಖ್ಯೆ 16 ಅಲ್ಲ, 12. ಉಳಿದ ಜಾಗ ಮರಿಗಳಿಗೆ, ಕಾಯಿಲೆ ಬಿದ್ದದ್ದನ್ನು ಬೇರೆ ಇಡುವುದಕ್ಕೆ, ಮಳೆ ಹಿಡಿದು ವಾರಗಟ್ಟಲೆ ಹೊರಗೆ ಬಿಡಲಾಗದ ದಿನಗಳಿಗೆ.

ಅಳತೆಪಟ್ಟಿ ಹಿಡಿಯುವ ಮನಸ್ಸಿಲ್ಲದವರಿಗೆ ಇನ್ನೊಂದು ಪರೀಕ್ಷೆ ಇದೆ. ಬೆಳಿಗ್ಗೆ ಗೂಡಿನ ಬಾಗಿಲು ತೆರೆದ ಕೂಡಲೇ ಒಳಗೆ ಬಗ್ಗಿ, ನಿಮ್ಮ ಮೂಗನ್ನು ಕೋಳಿಯ ತಲೆಯ ಎತ್ತರಕ್ಕೆ ತನ್ನಿ. ಕಣ್ಣು ಉರಿಯುವಂತೆ ಅಮೋನಿಯಾ ವಾಸನೆ ಬಡಿದರೆ ಒಳಗೆ ಹೆಚ್ಚು ಕೋಳಿಗಳಿವೆ, ಇಲ್ಲವೇ ಗಾಳಿ ಸಾಲದು. ನಿಂತಿರುವ ನಮಗೆ ತಿಳಿಯದ ವಾಸನೆಯನ್ನು ಅವು ರಾತ್ರಿಯಿಡೀ ಉಸಿರಾಡಿರುತ್ತವೆ. ಮುಸ್ಸಂಜೆ ಗಳ ಹತ್ತುವಾಗ ನೂಕಾಟ, ಬೆನ್ನಿನ ಮೇಲೆ ಗರಿ ಕಿತ್ತ ಬೋಳು ಜಾಗ, ನೆಲದ ಮೇಲೆ ಬಿದ್ದ ಮೊಟ್ಟೆ, ಒಡೆದ ಮೊಟ್ಟೆಯ ರುಚಿ ಕಂಡ ಕೋಳಿ ಇವೆಲ್ಲ ಅದೇ ಮಾತನ್ನು ಹೇಳುತ್ತವೆ. ಹಿಕ್ಕೆಯಿಂದ ಒದ್ದೆಯಾದ ನೆಲದಲ್ಲಿ ಮರಿಗಳಿಗೆ ರಕ್ತಭೇದಿ ತಗಲುವುದು ಬೇಗ. ಹೇನು, ಉಣ್ಣಿ ಹರಡುವುದೂ ಬೇಗ.

ಮೇವಿನ ಲೆಕ್ಕ ಇನ್ನೂ ನೇರ. ಮೊಟ್ಟೆಯಿಡುವ ಒಂದು ಹೇಂಟೆ ದಿನಕ್ಕೆ 100ರಿಂದ 120 ಗ್ರಾಂ ತಿನ್ನುತ್ತದೆ. ನನ್ನ 22 ಕೋಳಿಗಳು ದಿನಕ್ಕೆ ಸುಮಾರು ಎರಡೂವರೆ ಕಿಲೋ ಮುಗಿಸುತ್ತಿದ್ದವು, ಎಂದರೆ ತಿಂಗಳಿಗೆ 75 ಕಿಲೋ. ಅವುಗಳಲ್ಲಿ ಮೊಟ್ಟೆ ಕೊಡುತ್ತಿದ್ದವು ಆರು!

ಗೂಡನ್ನೇ ದೊಡ್ಡದು ಮಾಡಿದರೆ?

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ನಾನೂ ಒಂದು ಪಕ್ಕ ತಗಡು ಇಳಿಸಿ ವಿಸ್ತರಿಸಿದೆ. ಕೋಳಿ ಕಡಿಮೆ ಮಾಡುವ ಮಾತು ಅಲ್ಲಿಗೆ ಒಂದು ವರ್ಷ ಮುಂದಕ್ಕೆ ಹೋಯಿತು, ಅಷ್ಟೇ. ನೆಲಕ್ಕೂ ಒಂದು ಮಿತಿ ಇದೆ: ಕೆದಕಿ ಕೆದಕಿ ಹುಲ್ಲು ಹೋದ ಮೇಲೆ ಅದು ಮಳೆಗೆ ಕೆಸರು, ಬಿಸಿಲಿಗೆ ದೂಳು. ವಿಶಾಲವಾದ ಜಾಗವಿದ್ದು, ಬೇಲಿಯನ್ನು ಎರಡು ಮೂರು ಪಾಲು ಮಾಡಿ ಸರದಿಯ ಮೇಲೆ ಬಿಡಬಲ್ಲವರು ಗೂಡು ಹಿಗ್ಗಿಸಲಿ. ಉಳಿದವರು ಆ ತಗಡನ್ನು ಗೊಬ್ಬರದ ಗುಂಡಿಗೆ ಮಾಡಾಗಿ ಹೊದಿಸುವುದು ಮೇಲು.

ಮೊಟ್ಟೆಯ ಹಂತ: ಅಗ್ಗದ ಬಾಗಿಲು

ಹುಂಜವಿಲ್ಲದಿದ್ದರೂ ಹೇಂಟೆ ಮೊಟ್ಟೆಯಿಡುತ್ತದೆ. ಇದನ್ನು ಹೇಳಿದಾಗ ಕಣ್ಣರಳಿಸುವವರು ಈಗಲೂ ಸಿಗುತ್ತಾರೆ. ಬರೀ ಮೊಟ್ಟೆ ಬೇಕಾದವರಿಗೆ ಹುಂಜವೇ ಇಲ್ಲದ ಹಿಂಡು ಎಲ್ಲಕ್ಕಿಂತ ಸುಲಭ: ಕೂಗಿಲ್ಲ, ಹೇಂಟೆಗಳ ಬೆನ್ನು ಹರಿಯುವುದಿಲ್ಲ, ಸಂಖ್ಯೆ ತಾನಾಗಿ ಏರುವುದಿಲ್ಲ. ಕಳೆದುಕೊಳ್ಳುವುದು ಕಾವಲುಗಾರನನ್ನು. ಹದ್ದಿನ ನೆರಳು ಬಿದ್ದೊಡನೆ ಎಚ್ಚರಿಕೆಯ ಸದ್ದು ಮಾಡುವವನು, ಹುಳು ಸಿಕ್ಕರೆ ತಾನು ತಿನ್ನದೆ ಹೇಂಟೆಗಳನ್ನು ಕರೆಯುವವನು ಹುಂಜ. ಹಿಂಡು ಬಯಲಲ್ಲಿ ಮೇಯುವುದಾದರೆ ಈ ನಷ್ಟ ಸಣ್ಣದಲ್ಲ. ಮೇಲೂ ಜಾಲರಿ ಹಾಕಿದ ಬೇಲಿಯೊಳಗೆ ಸಾಕುವವರು ಯೋಚಿಸಬೇಕಾಗಿಲ್ಲ. ಒಂದು ಎಚ್ಚರ: ಹುಂಜವನ್ನು ಹೊರಗೆ ಹಾಕಿದ ಮರುದಿನದಿಂದ ಮೊಟ್ಟೆ ಬರಡಾಗುವುದಿಲ್ಲ. ಹೇಂಟೆಯ ಮೈಯಲ್ಲಿ ವೀರ್ಯ ಎರಡು ಮೂರು ವಾರ ಉಳಿದಿರುತ್ತದೆ.

ಹುಂಜವನ್ನು ಇಟ್ಟುಕೊಂಡೇ ಮರಿಗಳನ್ನು ತಡೆಯುವುದೂ ಕಷ್ಟವಲ್ಲ. ಮೊಟ್ಟೆ ಫಲಿತವಾಗಿದ್ದರೂ ಕಾವು ಸಿಗದೆ ಮರಿ ಬೆಳೆಯುವುದಿಲ್ಲ. ದಿನವೂ ಎತ್ತಿ ತಂಪಾದ ಕಡೆ ಇಟ್ಟರಾಯಿತು, ಸೆಖೆಗಾಲದಲ್ಲಿ ದಿನಕ್ಕೆರಡು ಸಲ. ತೊಂದರೆ ಬರುವುದು ಬೇಲಿಯಾಚೆ ಪೊದೆಯಲ್ಲಿ ಕದ್ದು ಮೊಟ್ಟೆಯಿಡುವ ಹೇಂಟೆಯಿಂದ. ಅದು ಮೂರು ವಾರ ಕಾಣೆಯಾಗಿ, ನೀವು ನರಿಯ ಲೆಕ್ಕಕ್ಕೆ ಬರೆದಾದ ಮೇಲೆ, ಒಂದು ಬೆಳಿಗ್ಗೆ ಹನ್ನೊಂದು ಮರಿಗಳ ಮೆರವಣಿಗೆಯೊಂದಿಗೆ ಪ್ರತ್ಯಕ್ಷವಾಗುತ್ತದೆ. ಬೆಳಿಗ್ಗೆ ಹತ್ತೂವರೆ ಹನ್ನೊಂದರವರೆಗೆ ಹೊರಗೆ ಬಿಡದಿದ್ದರೆ ಹೆಚ್ಚಿನ ಹೇಂಟೆಗಳು ಪೆಟ್ಟಿಗೆಯಲ್ಲೇ ಇಟ್ಟು ಮುಗಿಸುತ್ತವೆ.

ಇನ್ನು ಕಾವಿಗೆ ಕುಳಿತ ಹೇಂಟೆ. ಪೆಟ್ಟಿಗೆಯಲ್ಲಿ ರೊಟ್ಟಿಯಂತೆ ಚಪ್ಪಟೆಯಾಗಿ ಹರಡಿಕೊಂಡಿರುತ್ತದೆ. ಕೈ ಚಾಚಿದರೆ ಗರಿಯೆಲ್ಲ ನಿಗುರಿಸಿ, ಗಂಟಲಾಳದಿಂದ ಗುರುಗುಟ್ಟಿ, ಮಣಿಕಟ್ಟಿಗೇ ಕುಕ್ಕುತ್ತದೆ. ಎದೆಯ ಗರಿ ಉದುರಿ ಬೆಚ್ಚನೆಯ ಬರಿಮೈ ಕೈಗೆ ತಗಲುತ್ತದೆ. ಇದರೆದುರು ನಿಮಗೆ ಮೂರು ಆಯ್ಕೆಗಳಿವೆ.

ಮೊದಲನೆಯದು ಕಾವು ಬಿಡಿಸುವುದು. ತಳಕ್ಕೆ ತಂತಿ ಜಾಲರಿಯಿರುವ ಪಂಜರವನ್ನು ನೆಲದಿಂದ ಒಂದಡಿ ಎತ್ತರದಲ್ಲಿ, ಬೆಳಕಿರುವ ಕಡೆ ಇಟ್ಟು, ಹುಲ್ಲು ಹಾಸದೆ, ನೀರು ಮೇವು ಕೊಟ್ಟು ಮೂರು ನಾಲ್ಕು ದಿನ ಅದರಲ್ಲಿ ಬಿಡುವುದು. ಹೊಟ್ಟೆಯಡಿ ಗಾಳಿಯಾಡಿ ತಂಪಾದರೆ ಕಾವಿನ ಹಂಬಲ ಇಳಿಯುತ್ತದೆ. ಕೂತ ಮೊದಲ ಎರಡು ದಿನದಲ್ಲೇ ಹಿಡಿದರೆ ಬೇಗ ಬಿಡುತ್ತದೆ. ವಾರ ಕಳೆದ ಮೇಲಾದರೆ ಹಟ ಹೆಚ್ಚು. ಮತ್ತೆ ಮೊಟ್ಟೆಯಿಡಲು ಒಂದೆರಡು ವಾರ ಹಿಡಿಯುತ್ತದೆ. ತಣ್ಣೀರಿನಲ್ಲಿ ಅದ್ದುವವರಿದ್ದಾರೆ. ನಾನು ಒಮ್ಮೆ ನೋಡಿದ್ದೇನೆ. ಕೋಳಿ ನಡುಗುತ್ತಾ ಹೋಗಿ ಅದೇ ಪೆಟ್ಟಿಗೆಯಲ್ಲಿ ಕುಳಿತಿತು.

ಎರಡನೆಯದು ಕೂರಲು ಬಿಟ್ಟು, ಮೊಟ್ಟೆಯನ್ನು ಎಣಿಸಿ ಇಡುವುದು. ಹತ್ತರ ಜಾಗಕ್ಕೆ ಮೂರು ಅಥವಾ ನಾಲ್ಕು. ಪೆನ್ಸಿಲಿನಿಂದ ಗುರುತು ಹಾಕಿಡಿ, ಏಕೆಂದರೆ ಬೇರೆ ಹೇಂಟೆಗಳು ಬಂದು ತಮ್ಮದನ್ನೂ ಅಲ್ಲೇ ಇಟ್ಟು ಹೋಗುತ್ತವೆ. ಗುರುತಿಲ್ಲದ್ದನ್ನು ದಿನವೂ ಎತ್ತಬೇಕು. ಏಳನೆಯ ರಾತ್ರಿ ಕತ್ತಲಲ್ಲಿ ಮೊಟ್ಟೆಯ ದಪ್ಪ ತುದಿಗೆ ಟಾರ್ಚ್ ಒತ್ತಿ ನೋಡಿದರೆ, ನಡುವೆ ಒಂದು ಕಪ್ಪು ಚುಕ್ಕೆ, ಅದರಿಂದ ಜೇಡನ ಕಾಲುಗಳಂತೆ ಹರಡಿದ ಕೆಂಪು ನರಗಳು. ಚುಕ್ಕೆ ಅಲುಗಾಡುವುದೂ ಕಾಣುತ್ತದೆ. ಏನೂ ಕಾಣದೆ ತಿಳಿಯಾಗಿ ಹೊಳೆಯುವುದು ಬರಡು. ಸಂಖ್ಯೆ ಕಡಿಮೆ ಮಾಡಬೇಕಿದ್ದರೆ ಈ ರಾತ್ರಿಯವರೆಗೆ ಕಾಯಬೇಡಿ, ಮೊದಲ ದಿನವೇ ಮಾಡಿ. ಟಾರ್ಚಿನಲ್ಲಿ ಆ ಚುಕ್ಕೆ ಅಲುಗಾಡುವುದನ್ನು ಕಂಡ ಮೇಲೆ ಮೊಟ್ಟೆ ಎತ್ತಿ ಎಸೆಯಲು ನನ್ನ ಕೈ ಬಂದಿಲ್ಲ.

ಮೂರನೆಯದು, ಅಂಗಳದಲ್ಲಿ ಮರಿಗಳ ಕಲರವವೂ ಬೇಕು, ಹುಂಜಗಳ ಗೋಳೂ ಬೇಡ ಎನ್ನುವವರಿಗೆ. ಹೇಂಟೆಯ ಕೆಳಗೆ ಬರಡು ಮೊಟ್ಟೆಯನ್ನೋ ಮರದ ಮೊಟ್ಟೆಯನ್ನೋ ಇಟ್ಟು ಮೂರು ವಾರ ಕೂರಿಸಿ, ಲಿಂಗ ಪರೀಕ್ಷೆಯಾದ ಒಂದೆರಡು ದಿನದ ಹೆಣ್ಣು ಮರಿಗಳನ್ನು ರಾತ್ರಿ ಕತ್ತಲಲ್ಲಿ ಅದರ ರೆಕ್ಕೆಯಡಿಗೆ ಸರಿಸುವುದು. ಬೆಳಕು ಹರಿಯುವಾಗ ಅಲ್ಲೇ ಇರಬೇಕು: ಮರಿ ಅಲುಗಿದೊಡನೆ ಹೇಂಟೆ ಮೆಲುದನಿಯಲ್ಲಿ ಲೊಚಗುಟ್ಟಿದರೆ ಒಪ್ಪಿಕೊಂಡಿತೆಂದು ಅರ್ಥ, ಕುಕ್ಕಿ ದೂಡಿದರೆ ಮರಿಗಳನ್ನು ತಕ್ಷಣ ಎತ್ತಿಕೊಳ್ಳಬೇಕು. ಅಂಥ ಸಂದರ್ಭಕ್ಕೆ ದೀಪದ ಪೆಟ್ಟಿಗೆ ಸಿದ್ಧವಿರಲಿ; ಮೊದಲ ವಾರ 32ರಿಂದ 35 ಡಿಗ್ರಿ ಸೆಲ್ಸಿಯಸ್, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತಾ ಹೋಗಬೇಕು. ಮೂರರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದು. ಆದರೆ ಮನಸ್ಸಿಗೆ ಸುಳ್ಳು ಹೇಳಿಕೊಳ್ಳಬಾರದು: ನಾವು ಹೆಣ್ಣು ಮರಿಗಳನ್ನು ಮಾತ್ರ ತಂದರೆ ಗಂಡು ಮರಿಗಳು ಇಲ್ಲವಾಗುವುದಿಲ್ಲ, ಅವುಗಳ ಗತಿಯನ್ನು ಮರಿ ಮಾಡುವ ಕೇಂದ್ರ ನೋಡಿಕೊಂಡಿರುತ್ತದೆ. ಮೊಟ್ಟೆ ತಳಿಯ ಗಂಡು ಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುವುದನ್ನು ಜರ್ಮನಿ 2022ರ ಜನವರಿ 1ರಿಂದ ನಿಷೇಧಿಸಿತು. ಅಲ್ಲಿ ಈಗ ಮೊಟ್ಟೆಯೊಳಗಿರುವಾಗಲೇ ಲಿಂಗ ಗುರುತಿಸುವ ಯಂತ್ರಗಳಿವೆ. ಹಿತ್ತಿಲಿಗೆ ಆ ಯಂತ್ರ ಬರುವ ಕಾಲ ಇನ್ನೂ ದೂರ.

ಮೊಟ್ಟೆಗೆ ಕಾವು ಕೊಡುವ ಯಂತ್ರ, ಇನ್‌ಕ್ಯುಬೇಟರ್, ಅದರ ಬಗ್ಗೆ ಒಂದೇ ಮಾತು: ಖಾಲಿ ತಟ್ಟೆಯನ್ನು ಖಾಲಿ ಬಿಡಲು ಯಾರಿಗೂ ಮನಸ್ಸು ಬರುವುದಿಲ್ಲ. ಸಂಖ್ಯೆ ಹತೋಟಿಯಲ್ಲಿಡಲು ಬಯಸುವವರು ಅದನ್ನು ಮನೆಗೆ ತರದಿರುವುದೇ ಲೇಸು.

ಹುಂಜಗಳ ಹಂತ

ಹಿತ್ತಿಲ ಹಿಂಡಿನ ನಿಜವಾದ ಸಮಸ್ಯೆ ಇಲ್ಲಿದೆ. ಹುಟ್ಟುವ ಮರಿಗಳಲ್ಲಿ ಹೆಚ್ಚು ಕಡಿಮೆ ಅರ್ಧ ಗಂಡು. ಬೇಕಾಗುವುದು ಎಂಟು ಹತ್ತು ಹೇಂಟೆಗಳಿಗೆ ಒಂದು. ಅರ್ಧಕ್ಕೂ ಹತ್ತನೇ ಒಂದಕ್ಕೂ ನಡುವಿನ ಆ ಅಂತರವೇ ಎಲ್ಲ ತಲೆನೋವಿನ ಮೂಲ. ಹುಂಜಗಳು ಹೆಚ್ಚಾದರೆ ಪೆಟ್ಟು ಬೀಳುವುದು ಹೇಂಟೆಗಳಿಗೆ. ನನ್ನ 13 ಹೇಂಟೆಗಳಿಗೆ ಒಂಬತ್ತು ಹುಂಜಗಳಿದ್ದ ತಿಂಗಳುಗಳಲ್ಲಿ ಕಂದು ಬಣ್ಣದ ಒಂದು ಹೇಂಟೆಯ ಬೆನ್ನಿನಲ್ಲಿ ಅಂಗೈಯಗಲ ಗರಿಯಿಲ್ಲದೆ ಚರ್ಮ ಕೆಂಪಾಗಿತ್ತು, ಪಕ್ಕೆಯಲ್ಲಿ ಉಗುರು ಸೀಳಿದ ಗಾಯ. ಅದು ಹಗಲೆಲ್ಲ ಗಳದಿಂದ ಕೆಳಗಿಳಿಯುತ್ತಿರಲಿಲ್ಲ.

ಬೇಗ ಗುರುತಿಸಿದರೆ ಬೇಗ ತೀರ್ಮಾನಿಸಬಹುದು. ಮೊನಚು ಮೊಟ್ಟೆಯಲ್ಲಿ ಗಂಡು, ದುಂಡು ಮೊಟ್ಟೆಯಲ್ಲಿ ಹೆಣ್ಣು ಎಂಬುದು ಬರೀ ಕಟ್ಟುಮಾತು. ದಾರದ ತುದಿಗೆ ಉಂಗುರ ಕಟ್ಟಿ ತೂಗುವುದೂ ಅಷ್ಟೇ. ದಿನದ ಮರಿಯ ಹಿಂಭಾಗ ಒತ್ತಿ ನೋಡುವ ವಿದ್ಯೆಗೆ ದೀರ್ಘ ತರಬೇತಿ ಬೇಕು, ಅರೆಬರೆ ಕಲಿತವರ ಕೈಯಲ್ಲಿ ಮರಿಯ ಕರುಳಿಗೇ ಪೆಟ್ಟು. ಬಣ್ಣದಿಂದಲೇ ತಿಳಿಯುವ ಮಿಶ್ರತಳಿಗಳಿವೆ: ರೋಡ್ ಐಲೆಂಡ್ ರೆಡ್ ಹುಂಜಕ್ಕೂ ಬಾರ್ಡ್ ಪ್ಲಿಮತ್ ರಾಕ್ ಹೇಂಟೆಗೂ ಹುಟ್ಟಿದ ಕಪ್ಪು ಮರಿಗಳಲ್ಲಿ ತಲೆಯ ಮೇಲೆ ಬಿಳಿ ಬೊಟ್ಟಿದ್ದದ್ದು ಗಂಡು. ಆ ಗುಣ ಮುಂದಿನ ತಲೆಮಾರಿನಲ್ಲಿ ಹಾಗೆಯೇ ನಿಲ್ಲುವುದಿಲ್ಲ. ನಮ್ಮಂಥವರಿಗೆ ಉಳಿದದ್ದು ಕಾಯುವುದು. ಆರರಿಂದ ಎಂಟನೇ ವಾರದಲ್ಲಿ ಒಡಹುಟ್ಟಿದವುಗಳಿಗಿಂತ ಜುಟ್ಟು ಮೊದಲೇ ಕೆಂಪೇರಿದ್ದು, ಕಾಲು ದಪ್ಪಗಿದ್ದು, ನಿಲುವು ನೆಟ್ಟಗಿದ್ದದ್ದು ಬಹುತೇಕ ಹುಂಜ. ಹನ್ನೆರಡನೇ ವಾರ ದಾಟಿದ ಮೇಲೆ ಕುತ್ತಿಗೆಯಲ್ಲೂ ಬಾಲದ ಬುಡದಲ್ಲೂ ಮೊನಚಾದ, ಹೊಳೆಯುವ ಗರಿ ಬಂದರೆ ಸಂಶಯವೇ ಬೇಡ. ಹೇಂಟೆಯ ಗರಿಯ ತುದಿ ದುಂಡಗಿರುತ್ತದೆ.

ಈಗ ಏನು ಮಾಡುವುದು? ಕೊಟ್ಟುಬಿಡುವುದು ಎಲ್ಲರ ಮೊದಲ ಆಸೆ. ಆದರೆ ಕೋಳಿ ಸಾಕುವ ಎಲ್ಲರ ಮನೆಯಲ್ಲೂ ಹುಂಜವೇ ಮಿಕ್ಕಿರುತ್ತದೆ. ತಳಿ ಒಳ್ಳೆಯದಿದ್ದು, ಸಾಧು ಸ್ವಭಾವದ್ದಾದರೆ ಎಂಟರಲ್ಲಿ ಒಂದೋ ಎರಡೋ ಹೊಸ ರಕ್ತ ಬೇಕಾದವರ ಹಿಂಡಿಗೆ ಹೋಗಬಹುದು. ಉಳಿದವು ಹೋಗುವುದು ಅಡುಗೆಗೆ, ಕೊಂಡವರು ಹೇಳಲಿ ಬಿಡಲಿ. ಕೊಟ್ಟ ಮೇಲೆ ಷರತ್ತು ಹಾಕಬೇಡಿ. ಷರತ್ತು ಹಾಕಲೇಬೇಕು ಅನ್ನಿಸಿದರೆ ಕೊಡಬೇಡಿ.

ಹುಂಜಗಳನ್ನೇ ಒಂದು ಗುಂಪಾಗಿ ಸಾಕುವುದು ಇನ್ನೊಂದು ದಾರಿ. ಕೇಳಲು ವಿಚಿತ್ರ, ಆದರೆ ನಡೆಯುತ್ತದೆ. ಒಟ್ಟಿಗೆ ಬೆಳೆದ ಹುಂಜಗಳು, ಹೇಂಟೆಗಳು ಕಣ್ಣಿಗೆ ಬೀಳದ ಕಡೆ, ಎರಡು ಮೂರು ಮೇವಿನ ತೊಟ್ಟಿ ಮತ್ತು ಓಡಿ ಅಡಗಲು ಮರೆಗಳಿರುವ ಅಂಗಳದಲ್ಲಿ ಸಾಕಷ್ಟು ಶಾಂತವಾಗಿಯೇ ಇರುತ್ತವೆ. ಒಂದನ್ನು ಹೊರತೆಗೆದು ಹೇಂಟೆಗಳ ಜೊತೆ ಬಿಟ್ಟು ವಾಪಸು ತಂದರೆ ಮಾತ್ರ ಕುರುಕ್ಷೇತ್ರ. ಕೊಲ್ಲುವುದಿಲ್ಲ, ಕೊಡುವುದೂ ಇಲ್ಲ ಎನ್ನುವವರಿಗೆ ಉಳಿದಿರುವ ಗೌರವದ ದಾರಿ ಇದು. ಅದರ ಬೆಲೆ ಗೊತ್ತಿರಲಿ: ದಿನಕ್ಕೆ 120 ಗ್ರಾಂ ಹಿಡಿದರೆ ಒಂದು ಹುಂಜಕ್ಕೆ ವರ್ಷಕ್ಕೆ 44 ಕಿಲೋ ಮೇವು. ಅದು ಐದಾರು ವರ್ಷ ಬದುಕಬಹುದು, ಹೆಚ್ಚೂ ಬದುಕಬಹುದು. ಕೂಗಂತೂ ಇದ್ದೇ ಇರುತ್ತದೆ.

ಮಾಂಸ ತಿನ್ನುವವರಿಗೆ ಮೂರನೆಯ ದಾರಿ ನೇರ. 16ರಿಂದ 20 ವಾರದ ಒಳಗೆ ಮುಗಿಸಿದರೆ ಮಾಂಸ ಮೆತ್ತಗಿರುತ್ತದೆ, ಹಿಂಡಿನಲ್ಲಿ ಜಗಳವೂ ಮೊಳೆತಿರುವುದಿಲ್ಲ. ಅದಕ್ಕಿಂತ ಮುಂದೂಡಿದ ಪ್ರತಿ ವಾರವೂ ಮೇವು ಹೆಚ್ಚು, ಮೈ ತುಂಬುವುದು ಕಡಿಮೆ. ಹಿಂದಿನ ರಾತ್ರಿ ಗಳದ ಮೇಲಿಂದ ಸದ್ದಿಲ್ಲದೆ ಎತ್ತಿ ಬೇರೆ ಇಡಿ. ಎಂಟರಿಂದ ಹನ್ನೆರಡು ಗಂಟೆ ಮೇವು ಕೊಡಬಾರದು, ನೀರು ಮಾತ್ರ ಇರಲಿ. ಔಷಧ ಕೊಟ್ಟಿದ್ದರೆ ಎಷ್ಟು ದಿನ ಬಿಟ್ಟು ತಿನ್ನಬೇಕು ಎಂಬುದು ಅದರ ಪೊಟ್ಟಣದ ಮೇಲೆಯೇ ಇರುತ್ತದೆ, ಅದನ್ನು ಪಾಲಿಸಿ. ಹರಿತವಾದ ಚಾಕು, ತಲೆಕೆಳಗಾಗಿ ಹಿಡಿದಿಡುವ ಲಾಳಿಕೆಯಂಥ ತಗಡು, ಪಕ್ಕದಲ್ಲಿ ಕೈ ಪಳಗಿದವರೊಬ್ಬರು. ಮೊದಲ ಸಲ ಒಬ್ಬರೇ ಮಾಡಲು ಹೋಗಬೇಡಿ. ತಪ್ಪಿದರೆ ನೋವು ತಿನ್ನುವುದು ನೀವಲ್ಲ. ಕೋಳಿಯನ್ನು ಕೇಳಿ ಮಸಾಲೆ ಅರೆಯುವುದಿಲ್ಲ, ನಿಜ. ಆದರೆ ಮನೆಯವರನ್ನು, ಅದರಲ್ಲೂ ಮಕ್ಕಳನ್ನು, ಮರಿ ಮಾಡಿಸುವ ಮೊದಲೇ ಕೇಳಬೇಕು. ನಾನು ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಅಷ್ಟರಲ್ಲಿ ಎಂಟಕ್ಕೂ ಹೆಸರಿತ್ತು.

ಹುಂಜದ ಬೀಜ ತೆಗೆಸಿ ಸಾಧುವಾಗಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಕೋಳಿಯ ಬೀಜ ಹೊಟ್ಟೆಯೊಳಗೆ ಬೆನ್ನೆಲುಬಿಗೆ ಅಂಟಿಕೊಂಡಿರುತ್ತದೆ. ಪಕ್ಕೆಲುಬಿನ ನಡುವೆ ಕೊಯ್ದು ತೆಗೆಯಬೇಕು. ಅದು ಹಿತ್ತಿಲ ಕೆಲಸವಲ್ಲ. ಕೂಗು ತಗ್ಗಿಸಲು ಕುತ್ತಿಗೆಗೆ ಪಟ್ಟಿ ಬಿಗಿಯುವುದನ್ನೂ ನಾನು ಒಪ್ಪುವುದಿಲ್ಲ: ಸ್ವಲ್ಪ ಬಿಗಿಯಾದರೆ ಉಸಿರು ಕಟ್ಟುತ್ತದೆ, ಸ್ವಲ್ಪ ಸಡಿಲವಾದರೆ ಕೂಗುತ್ತದೆ.

ಮೂರನ್ನೂ ತೂಗಿದರೆ ನನ್ನ ಮಾತು ಇಷ್ಟು: ಹುಂಜ ಮರಿಗಳಿಗೆ ಏನು ಮಾಡುತ್ತೀರಿ ಎಂಬುದಕ್ಕೆ ಉತ್ತರವಿಲ್ಲದಿದ್ದರೆ ಮೊಟ್ಟೆಯನ್ನು ಕಾವಿಗೆ ಇಡಬೇಡಿ.

ಮುದಿ ಹೇಂಟೆಗಳು

ಹೇಂಟೆ ಐದಾರು ತಿಂಗಳಿಗೆ ಮೊಟ್ಟೆ ಶುರು ಮಾಡುತ್ತದೆ. ಮೊದಲ ವರ್ಷದ್ದೇ ಭರ್ತಿ ಫಸಲು. ಆಮೇಲೆ ವರ್ಷ ವರ್ಷ ಇಳಿಯುತ್ತದೆ, ನಾಲ್ಕೈದನೇ ವರ್ಷಕ್ಕೆ ಅಪರೂಪವಾಗುತ್ತದೆ. ಆಯುಸ್ಸು ಎಂಟು ವರ್ಷ ಮುಟ್ಟಬಹುದು. ಆದ್ದರಿಂದ ಹೊಸ ಹೇಂಟೆ ಸೇರಿಸಿ ಹಳೆಯದನ್ನು ಉಳಿಸಿಕೊಳ್ಳುತ್ತಾ ಹೋದರೆ ಹಿಂಡಿನ ಅರ್ಧಭಾಗ ಪಿಂಚಣಿದಾರರೇ ಆಗಿಬಿಡುತ್ತಾರೆ.

ಯಾವುದು ಇಡುತ್ತಿದೆ, ಯಾವುದು ಬಿಟ್ಟಿದೆ ಎಂಬುದನ್ನು ಕಣ್ಣಳತೆಯಲ್ಲಿ ಹೇಳಲು ಹೋಗಬೇಡಿ. ರಾತ್ರಿ ಹಿಡಿದು ನೋಡಿ. ಹೇಂಟೆಯನ್ನು ಕಂಕುಳಲ್ಲಿ ತಲೆ ಹಿಂದಾಗಿ ಹಿಡಿದು, ಮೊಟ್ಟೆ ಬರುವ ದ್ವಾರದ ಎರಡೂ ಪಕ್ಕ ಸಿಗುವ ಮೊನಚು ಎಲುಬುಗಳ ನಡುವೆ ಬೆರಳಿಡಿ. ಎರಡು ಮೂರು ಬೆರಳು ಹಿಡಿಸಿದರೆ ಇಡುತ್ತಿದೆ, ಒಂದೇ ಬೆರಳಿಗೆ ಬಿಗಿಯಾದರೆ ನಿಲ್ಲಿಸಿದೆ. ಇಡುವ ಹೇಂಟೆಯ ದ್ವಾರ ಅಗಲವಾಗಿ ತೇವವಾಗಿರುತ್ತದೆ, ಬಿಟ್ಟಿರುವುದರದ್ದು ಸಣ್ಣಗೆ ಒಣಗಿ ಸುಕ್ಕಾಗಿರುತ್ತದೆ. ಹಳದಿ ಕಾಲಿನ ತಳಿಗಳಲ್ಲಿ ಇನ್ನೊಂದು ಸುಳಿವು: ಹೆಚ್ಚು ಇಟ್ಟ ಹೇಂಟೆಯ ಕಾಲು, ಕೊಕ್ಕು ಬಿಳಿಚಿಕೊಂಡಿರುತ್ತವೆ, ಬಣ್ಣವೆಲ್ಲ ಹಳದಿ ಲೋಳೆಗೆ ಹೋಗಿರುತ್ತದೆ. ಮಿರಮಿರ ಮಿಂಚುವ ಗರಿಯ, ಹೊಂಬಣ್ಣದ ಕಾಲಿನ ಸುಂದರಿಯೇ ಸೋಮಾರಿಯಾಗಿರುವ ಸಾಧ್ಯತೆ ಹೆಚ್ಚು. ಈ ಪರೀಕ್ಷೆಯನ್ನು ಗರಿ ಉದುರುವ ಕಾಲದಲ್ಲಿ ಮಾಡಿದರೆ ಅನ್ಯಾಯ. ಆಗ ಎಂಟು ಹನ್ನೆರಡು ವಾರ ಒಳ್ಳೆಯ ಹೇಂಟೆಯೂ ಇಡುವುದಿಲ್ಲ. ಹಗಲು ಕಿರಿದಾಗುವ ತಿಂಗಳುಗಳಲ್ಲೂ ಹಾಗೆಯೇ.

ಬಿಟ್ಟದ್ದನ್ನು ಕಳಿಸುವುದೋ, ಇಟ್ಟುಕೊಳ್ಳುವುದೋ? ಮೇವಿನ ಲೆಕ್ಕ ನೋಡುವವರು ಎರಡನೇ ಅಥವಾ ಮೂರನೇ ವರ್ಷದ ಕೊನೆಗೆ ಕಳಿಸುತ್ತಾರೆ, ಅದರಲ್ಲಿ ತಪ್ಪಿಲ್ಲ. ನಾನು ಇಬ್ಬರು ಪಿಂಚಣಿದಾರರಿಗೆ ಜಾಗ ಕಾದಿರಿಸಿದ್ದೇನೆ. ಪ್ರೀತಿಗೆ ಮಾತ್ರವಲ್ಲ: ಹಳೆಯ ಹೇಂಟೆ ಕಾವಿಗೆ ನಂಬಿಗಸ್ತೆ, ಹದ್ದು ಕಂಡರೆ ಮೊದಲು ಓಡುವುದು ಅದೇ, ಎಲ್ಲಿ ಗೆದ್ದಲು ಸಿಗುತ್ತದೆ ಎಂದು ಎಳೆಯವಕ್ಕೆ ತೋರಿಸುವುದೂ ಅದೇ. ಮೂರನೆಯದಕ್ಕೆ ಜಾಗವಿಲ್ಲ ಎಂಬ ನಿಯಮವಿದ್ದರೆ ಪ್ರೀತಿಯೂ ಲೆಕ್ಕವೂ ಒಂದೇ ಗೂಡಿನಲ್ಲಿ ಬಾಳುತ್ತವೆ.

ಎಲ್ಲವನ್ನೂ ಒಮ್ಮೆಲೇ ಬದಲಿಸುವುದೋ, ವರ್ಷಕ್ಕಿಷ್ಟೆಂದು ಬದಲಿಸುವುದೋ

ಒಂದೇ ವಯಸ್ಸಿನ ಹಿಂಡು ತಂದು, ಎರಡು ಮೂರು ವರ್ಷ ಇಟ್ಟು, ಪೂರ್ತಿ ಖಾಲಿ ಮಾಡಿ, ಗೂಡು ತೊಳೆದು ಒಣಗಿಸಿ ಹೊಸದು ತರುವುದು ಶಿಸ್ತಿನ ಪದ್ಧತಿ. ರೋಗದ ಸರಪಳಿ ತುಂಡಾಗುತ್ತದೆ, ಎಲ್ಲಕ್ಕೂ ಒಂದೇ ಮೇವು ಸಾಕು, ಕಿರಿಯ ಹಿರಿಯ ಜಗಳವಿಲ್ಲ. ಹೊಸವು ಇಡಲು ಶುರು ಮಾಡುವವರೆಗೆ ಮನೆಯಲ್ಲಿ ಮೊಟ್ಟೆಯಿಲ್ಲ ಎಂಬುದೊಂದೇ ಕೊರತೆ. ರೋಗ ಒಮ್ಮೆ ಹೊಕ್ಕು ಹೋದ ಹಿತ್ತಿಲಿಗೆ ಇದೇ ಸರಿ.

ವರ್ಷಕ್ಕೆ ಮೂರನೇ ಒಂದು ಭಾಗ ಬದಲಿಸಿದರೆ ಮೊಟ್ಟೆ ನಿಲ್ಲುವುದಿಲ್ಲ, ಆದರೆ ಪ್ರತಿ ವರ್ಷ ಹೊಸಬರನ್ನು ಸೇರಿಸುವ ಕಸರತ್ತು ತಪ್ಪದು. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ಶ್ರೇಣಿಯಿದೆ ಎಂದು ನಾರ್ವೆಯ ಪ್ರಾಣಿಶಾಸ್ತ್ರಜ್ಞ ಥೋರ್ಲೈಫ್ ಶೆಲ್ಡೆರಪ್-ಎಬ್ಬೆ 1920ರ ದಶಕದ ಆರಂಭದಲ್ಲೇ ವಿವರಿಸಿದ್ದ. ಬಾಲ್ಯದಿಂದಲೇ ಮನೆಯ ಕೋಳಿಗಳನ್ನು ಗಮನಿಸುತ್ತಾ ಬಂದವನಾತ. ಹೊಸದೊಂದು ಬಂದರೆ ಆ ಏಣಿಯನ್ನು ಮತ್ತೆ ಕಟ್ಟಬೇಕು. ಒಂಟಿ ಕೋಳಿಯನ್ನು ಎಂದೂ ತರಬೇಡಿ, ಎಲ್ಲರ ಕೊಕ್ಕೂ ಅದರ ತಲೆಗೇ. ಮೂರಾದರೂ ಇರಲಿ. ಹೊರಗಿನಿಂದ ತಂದವನ್ನು 30 ದಿನ ದೂರದ ಬೇರೆ ಗೂಡಿನಲ್ಲಿಡಿ. ಕೊಕ್ಕರೆ ರೋಗದಂಥ (ರಾಣಿಖೇತ್) ಅಂಟುರೋಗ ಕೋಳಿಯ ಜೊತೆಗೇ ಬರುತ್ತದೆ, ನಿಮ್ಮ ಚಪ್ಪಲಿಯಲ್ಲೂ ಬರುತ್ತದೆ. ಆಮೇಲೆ ವಾರ ಹತ್ತು ದಿನ ನಡುವೆ ಜಾಲರಿ ಇಟ್ಟು ಅಕ್ಕಪಕ್ಕದಲ್ಲಿರಿಸಿ, ಮುಖಪರಿಚಯವಾದ ಮೇಲೆ ಬಿಡಿ.

ಕಿರಿಯವು ಹಿರಿಯವು ಒಟ್ಟಿಗಿದ್ದಾಗ ಹಲವರು ಎಡವುವುದು ಮೇವಿನಲ್ಲಿ. ಮೊಟ್ಟೆ ಕೋಳಿಯ ಮೇವಿನಲ್ಲಿ ಸುಣ್ಣದಂಶ 3.5ರಿಂದ 4 ಶೇಕಡಾ ಇರುತ್ತದೆ. ಅದನ್ನೇ ತಿಂದ ಎಳೆಯ ಕೋಳಿಗಳ ಮೂತ್ರಪಿಂಡ ಕೆಡುತ್ತದೆ. ಎಲ್ಲಕ್ಕೂ ಬೆಳೆಯುವ ಕೋಳಿಯ ಮೇವು ಹಾಕಿ, ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ತೊಟ್ಟಿಯಲ್ಲಿಡಿ. ಮೊಟ್ಟೆಯಿಡುವವು ತಾವಾಗಿ ಹುಡುಕಿ ತಿನ್ನುತ್ತವೆ.

ಹಾಗಾದರೆ ಯಾರಿಗೆ ಯಾವುದು?

ಮೊಟ್ಟೆ ಮಾತ್ರ ಬೇಕು, ಕೊಲ್ಲುವುದು ಆಗದು, ಅಕ್ಕಪಕ್ಕದಲ್ಲಿ ಮನೆಗಳಿವೆ ಎನ್ನುವವರಿಗೆ: ಹುಂಜ ಬೇಡ, ಹೆಣ್ಣು ಮರಿಗಳನ್ನೇ ತನ್ನಿ, ಎರಡು ವರ್ಷಕ್ಕೊಮ್ಮೆ ಮೂರು ಮೂರು ಸೇರಿಸಿ, ಮುದಿಯಾದವನ್ನು ಸಾಯುವವರೆಗೆ ಸಾಕಲು ಜಾಗ ಬಿಟ್ಟುಕೊಂಡೇ ಶುರು ಮಾಡಿ. ಮೊದಲ ದಿನ ನಾಲ್ಕಕ್ಕಿಂತ ಹೆಚ್ಚು ತರಬೇಡಿ.

ಮಾಂಸವನ್ನೂ ಬಳಸುವವರಿಗೆ ಹಿಂಡು ತಾನಾಗಿ ಸಮತೋಲಕ್ಕೆ ಬರುತ್ತದೆ, ದಿನಾಂಕ ತಪ್ಪದಿದ್ದರೆ. ಮರಿ ಒಡೆದ ದಿನವೇ ಕ್ಯಾಲೆಂಡರಿನಲ್ಲಿ 18ನೇ ವಾರಕ್ಕೆ ಗುರುತು ಹಾಕಿ.

ತಳಿ ಉಳಿಸಿಕೊಳ್ಳಬೇಕು, ಹೊರಗಿನಿಂದ ತರುವುದು ಬೇಡ ಎನ್ನುವವರ ಲೆಕ್ಕ ಬೇರೆ. ವರ್ಷಕ್ಕೆ ಮೂರು ಹೊಸ ಹೇಂಟೆ ಬೇಕಿದ್ದರೆ ಹತ್ತು ಮೊಟ್ಟೆ ಕೂರಿಸಬೇಕು: ಎಂಟು ಒಡೆಯಬಹುದು, ನಾಲ್ಕು ಹೆಣ್ಣು, ಒಂದು ಬೆಕ್ಕಿಗೋ ಹದ್ದಿಗೋ ರೋಗಕ್ಕೋ ಹೋದರೆ ಮೂರು ಉಳಿಯುತ್ತವೆ. ಅದರ ಜೊತೆ ನಾಲ್ಕು ಹುಂಜಗಳು ಬಂದೇ ಬರುತ್ತವೆ. ಎರಡು ವರ್ಷಕ್ಕೊಮ್ಮೆ ಹುಂಜವನ್ನು ಅದೇ ತಳಿ ಸಾಕುವ ಬೇರೆಯವರೊಂದಿಗೆ ಅದಲುಬದಲು ಮಾಡಿಕೊಂಡರೆ ಅಪ್ಪ ಮಗಳ ಕೂಡಿಕೆ ಕಡಿಮೆಯಾಗುತ್ತದೆ, ಒಂದು ಹುಂಜಕ್ಕೆ ಮನೆಯೂ ಸಿಗುತ್ತದೆ. ಇವರಿಗೆ ಹಿಂಡಿನ ಗಾತ್ರ ವರ್ಷವಿಡೀ ಒಂದೇ ಇರುವುದಿಲ್ಲ. ಗೂಡನ್ನು ಮರಿಗಾಲದ ದೊಡ್ಡ ಸಂಖ್ಯೆಗೇ ಕಟ್ಟಬೇಕು, ಸರಾಸರಿಗಲ್ಲ.

ನಮ್ಮ ಗೂಡಿನ ಬಾಗಿಲಿನ ಒಳಬದಿಯಲ್ಲಿ ಈಗ ಸೀಮೆಸುಣ್ಣದಲ್ಲಿ 12 ಎಂದು ಬರೆದಿದೆ. ದಿನವೂ ಸಂಜೆ ಬಾಗಿಲು ಹಾಕುವಾಗ ಎಣಿಸುವವಳು ಮಗಳು. ನಿನ್ನೆ ಹನ್ನೊಂದೇ ಸಿಕ್ಕವು. ಟಾರ್ಚ್ ಹಿಡಿದು ಹುಡುಕಿದರೆ ಆ ಕಂದು ಹೇಂಟೆ, ಬೆನ್ನಿನ ಗರಿಯೆಲ್ಲ ಮತ್ತೆ ಬಂದಿರುವುದು, ಸೌದೆ ರಾಶಿಯ ಹಿಂದೆ ಚಪ್ಪಟೆಯಾಗಿ ಕುಳಿತು ಗುರುಗುಟ್ಟಿತು. ಕೆಳಗೆ ಕೈ ಹಾಕಿದೆ: ಒಂಬತ್ತು ಮೊಟ್ಟೆ, ಇನ್ನೂ ಬೆಚ್ಚಗೆ. ಎಂದು ಕೂತಿತೋ ಗೊತ್ತಿಲ್ಲ. ಇವತ್ತು ರಾತ್ರಿ ಟಾರ್ಚಿನಲ್ಲಿ ನೋಡಬೇಕು, ಜಾಲರಿಯ ಪಂಜರವನ್ನೂ ತೊಳೆದಿಟ್ಟಿದ್ದೇನೆ.